ಸ್ತನದ ಇಸುಬು ಮತ್ತು ಲಜ್ಜೆಯ ಪ್ರಶ್ನೆ

ಸ್ತನದ ಇಸುಬು, ಅಂದರೆ ಎಕ್ಸಿಮಾ, ಮೊಲೆತೊಟ್ಟಿನ ಮೇಲೆ, ಅದರ ಸುತ್ತಲಿನ ಕಪ್ಪು ವರ್ತುಲದಲ್ಲಿ ಅಥವಾ ಸ್ತನದ ಕೆಳಮಡಿಕೆಯಲ್ಲಿ ಕಾಣಿಸಿಕೊಳ್ಳುವ ಚರ್ಮದ ಉರಿಯೂತ. ಚರ್ಮ ತುರಿಸುತ್ತದೆ, ಒಣಗಿ ಬಿರಿಯುತ್ತದೆ, ಕೆಲವೊಮ್ಮೆ ನೀರು ಒಸರಿ ಹಕ್ಕಳೆ ಕಟ್ಟುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇದೇ ಇಸುಬು ಮೊಣಕೈಯ ಮಡಿಕೆಯಲ್ಲಿ ಬಂದರೆ ಹೆಂಗಸರು ಮನೆಯವರಿಗೆ ತೋರಿಸಿ ಮುಲಾಮು ತರಿಸಿಕೊಳ್ಳುತ್ತಾರೆ; ಎದೆಯ ಮೇಲೆ ಬಂದರೆ ತಿಂಗಳುಗಟ್ಟಲೆ ಬಾಯಿ ಬಿಡದೆ ಸಹಿಸುವವರು ಅನೇಕ. ಹೀಗಾಗಿ ಈ ಕಾಯಿಲೆ ವೈದ್ಯಕ್ಕಷ್ಟೇ ಸೇರಿದ್ದಾಗಿ ಉಳಿಯುವುದಿಲ್ಲ. ಚರ್ಮರೋಗ ಹಿಂದೆ ಮಾಡಿದ ಪಾಪದ ಫಲವೇ? ಮುಚ್ಚಿಡುವ ಅಂಗಕ್ಕೆ ಬಂದ ರೋಗವನ್ನೂ ಮುಚ್ಚಿಡುವುದು ಶೀಲದ ಲಕ್ಷಣವೇ? ಧರ್ಮಚಿಂತನೆ ಉತ್ತರಿಸಬೇಕಾದ ಪ್ರಶ್ನೆಗಳಿವು.

ಪಾಪದ ಪ್ರಶ್ನೆ ಬಹಳ ಹಳೆಯದು. ಚರಕಸಂಹಿತೆ ಹಲವು ಚರ್ಮರೋಗಗಳನ್ನು ಕುಷ್ಠ ಎಂಬ ಒಂದೇ ಹೆಸರಿನಡಿ ತಂದು 18 ಬಗೆಯಾಗಿ ವಿಂಗಡಿಸುತ್ತದೆ. ತುರಿಕೆ ಮತ್ತು ಒಸರುವಿಕೆಯುಳ್ಳ ವಿಚರ್ಚಿಕೆ ಅವುಗಳಲ್ಲೊಂದು. ಇಂದಿನ ವೈದ್ಯರು ಅದನ್ನು ಇಸುಬಿಗೆ ಹೋಲಿಸುತ್ತಾರೆ. ಆ ರೋಗಗಳ ಕಾರಣಗಳನ್ನು ಹೇಳುವಾಗ ಸಂಹಿತೆ ವಿರುದ್ಧಾಹಾರದ ಜೊತೆಗೆ ಗುರುಗಳಿಗೆ ಮಾಡಿದ ಅವಮಾನವನ್ನೂ ಪಾಪಕರ್ಮವನ್ನೂ ಸೇರಿಸಿದೆ. ಇಷ್ಟನ್ನೇ ಹಿಡಿದುಕೊಂಡರೆ ರೋಗಿಯೇ ಅಪರಾಧಿ. ಆದರೆ ಅದೇ ಗ್ರಂಥದ ವಿಮಾನಸ್ಥಾನದಲ್ಲಿ ಅಗ್ನಿವೇಶ, ಮನುಷ್ಯನ ಆಯುಸ್ಸು ಮೊದಲೇ ನಿಶ್ಚಯವಾಗಿರುತ್ತದೆಯೇ ಎಂದು ಗುರುವನ್ನು ಕೇಳುತ್ತಾನೆ. ಆತ್ರೇಯ ಕೊಡುವ ಉತ್ತರ ದಿಟ್ಟವಾದುದು. ಹಿಂದಿನ ಜನ್ಮದಲ್ಲಿ ಮಾಡಿದ್ದು ದೈವ, ಈ ಜನ್ಮದಲ್ಲಿ ಮಾಡುವುದು ಪುರುಷಕಾರ. ದೈವ ದುರ್ಬಲವಾಗಿದ್ದರೆ ಬಲವಾದ ಪ್ರಯತ್ನ ಅದನ್ನು ಮೀರಬಲ್ಲದು. ಎಲ್ಲವೂ ನಿಶ್ಚಿತವೇ ಆಗಿದ್ದರೆ ಔಷಧಕ್ಕೆ ಅರ್ಥವೇ ಇರುತ್ತಿರಲಿಲ್ಲ. ಕರ್ಮವನ್ನು ಒಪ್ಪಿಕೊಂಡೇ ಚಿಕಿತ್ಸೆಯನ್ನು ಕರ್ತವ್ಯವಾಗಿಸಿದ ಮಾತಿದು. ಬುದ್ಧ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅನುಭವಿಸುವುದೆಲ್ಲ ಪೂರ್ವಕರ್ಮದ ಫಲವೇ ಎಂದು ಸೀವಕ ಎಂಬ ಪರಿವ್ರಾಜಕ ಕೇಳಿದಾಗ, ಪಿತ್ತ, ಕಫ, ವಾತ, ಋತುವಿನ ಬದಲಾವಣೆ, ಮೈಯ ಮೇಲೆ ತೋರಿದ ಅಜಾಗರೂಕತೆ ಇವುಗಳಿಂದಲೂ ನೋವು ಹುಟ್ಟುತ್ತದೆ, ಕರ್ಮಫಲ ಹಲವು ಕಾರಣಗಳಲ್ಲಿ ಒಂದು ಮಾತ್ರ ಎಂದು ತಿದ್ದಿದ.

ಇಸುಬಿನ ವಿಷಯದಲ್ಲಿ ಆ ಬೇರೆ ಕಾರಣಗಳು ಇಂದು ಸಾಕಷ್ಟು ಸ್ಪಷ್ಟವಾಗಿವೆ. ಚರ್ಮದ ಹೊರಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದವರಿಗೆ ಇಸುಬು ಬರುವ ಸಾಧ್ಯತೆ ಹೆಚ್ಚೆಂದು 2006ರಲ್ಲಿ ತಿಳಿದುಬಂತು. ಮೊಲೆತೊಟ್ಟಿನ ಇಸುಬನ್ನು ಹನಿಫಿನ್ ಮತ್ತು ರಾಯ್ಕಾ ಎಂಬ ವೈದ್ಯರು 1980ರಲ್ಲೇ ಅಟೋಪಿಕ್ ಚರ್ಮರೋಗದ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದರು. ಮನೆಯಲ್ಲಿ ಉಬ್ಬಸವೋ ಅಲರ್ಜಿಯ ಶೀತವೋ ಇರುವವರಲ್ಲಿ ಇದು ಹೆಚ್ಚು. ಇವುಗಳ ಮೇಲೆ ಸೋಪು, ಸುಗಂಧದ್ರವ್ಯ, ಬೆವರು ಹೀರದ ಒಳಉಡುಪು, ಅದರ ನಿಕ್ಕಲ್ ಕೊಂಡಿ, ಚೆನ್ನಾಗಿ ಜಾಲಿಸದ ಬಟ್ಟೆಯಲ್ಲುಳಿದ ಡಿಟರ್ಜೆಂಟ್ ಸೇರಿಕೊಳ್ಳುತ್ತವೆ. ಈ ಕಾರಣಗಳಲ್ಲಿ ಎಲ್ಲಿಯೂ ಹೆಂಗಸಿನ ನಡತೆಗೆ ಜಾಗವಿಲ್ಲ.

ಲಜ್ಜೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಲಜ್ಜೆಯನ್ನು ಮೂಢತನವೆಂದು ತಳ್ಳಿಹಾಕುವುದು ಸರಿಯಲ್ಲ. ಗೀತೆಯ 16ನೆಯ ಅಧ್ಯಾಯ ಅದನ್ನು ದೈವೀಸಂಪತ್ತಿನಲ್ಲಿ ಎಣಿಸಿದೆ. ಬೌದ್ಧರು ಅದನ್ನು ಲೋಕವನ್ನು ಕಾಯುವ ಗುಣವೆಂದರು. ಎರಡು ಕಡೆಯೂ ಲಜ್ಜೆ ತಡೆಯಬೇಕಾದದ್ದು ಕೆಟ್ಟ ಕೆಲಸವನ್ನು. ಬಿರಿದ ಚರ್ಮ ಯಾರೂ ಮಾಡಿದ ಕೆಲಸವಲ್ಲ. 12ನೆಯ ಶತಮಾನದ ಅಕ್ಕಮಹಾದೇವಿಯ ಪ್ರಸಂಗ ಇಲ್ಲಿ ನೆನಪಿಗೆ ಬರಬೇಕು. ಉಡುಗೆ ತೊರೆದವಳು ಕೂದಲಿನಿಂದ ಮೈ ಮರೆಮಾಡಿಕೊಂಡದ್ದೇಕೆ ಎಂದು ಅಲ್ಲಮ ಪ್ರಶ್ನಿಸಿದಾಗ, ನೋಡುವವರಿಗೆ ನೋವಾಗದಿರಲಿ ಎಂಬ ಭಾವದಿಂದ ಎಂಬುದು ಆಕೆಯ ಉತ್ತರದ ತಿರುಳು. ಮರೆ ಎಂಬುದು ಎದುರಿಗಿರುವವರನ್ನು ನೋಡಿ ನಿರ್ಧಾರವಾಗುವ ಮರ್ಯಾದೆ; ಅಂಗಕ್ಕೆ ಅಂಟಿದ ಕಳಂಕವಲ್ಲ. ವೈದ್ಯರ ಎದುರು ಆ ಮರೆಯ ಅಗತ್ಯವೇ ಬೀಳುವುದಿಲ್ಲ. ಹೆಣ್ಣು ವೈದ್ಯರನ್ನೇ ಕೇಳುವುದು, ತಪಾಸಣೆಯ ವೇಳೆ ನರ್ಸ್ ಅಥವಾ ಮನೆಯವರು ಜೊತೆಗಿರಲಿ ಎನ್ನುವುದು ರೋಗಿಯ ಹಕ್ಕು. ಲಜ್ಜೆಗೆ ಗೌರವ ಸಲ್ಲಬೇಕಾದದ್ದು ಹೀಗೆ.

ತೋರಿಸದೆ ಇರುವುದು ಏಕೆ ಅಪಾಯ ಎಂಬುದಕ್ಕೆ ಗಟ್ಟಿ ಕಾರಣವೊಂದಿದೆ. 1874ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್, ಮೊಲೆತೊಟ್ಟಿನಲ್ಲಿ ಇಸುಬಿನಂಥ ಗಾಯವಿದ್ದ ಸುಮಾರು 15 ಹೆಂಗಸರ ಬಗ್ಗೆ ಬರೆದ. ಅವರೆಲ್ಲರಿಗೂ ಹೆಚ್ಚೆಂದರೆ ಎರಡು ವರ್ಷದೊಳಗೆ ಸ್ತನದ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಇಂದು ಅವನ ಹೆಸರನ್ನೇ ಹೊತ್ತಿರುವ ಈ ರೋಗ ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದರಿಂದ ಮೂರರಷ್ಟು. ಅಪರೂಪಕ್ಕೆ ಗಂಡಸರಲ್ಲೂ ಬರುತ್ತದೆ. ಇಸುಬು ಸಾಮಾನ್ಯವಾಗಿ ಎರಡೂ ಕಡೆ ಬರುತ್ತದೆ, ಹೆಚ್ಚು ತುರಿಸುತ್ತದೆ, ಔಷಧಕ್ಕೆ ಬಗ್ಗುತ್ತದೆ. ಪ್ಯಾಜೆಟ್ ರೋಗ ಬಹುತೇಕ ಒಂದೇ ಕಡೆ, ತೊಟ್ಟಿನಿಂದಲೇ ಶುರುವಾಗಿ ಹೊರಕ್ಕೆ ಹರಡುತ್ತದೆ. ತೊಟ್ಟು ಚಪ್ಪಟೆಯಾಗಬಹುದು ಅಥವಾ ಒಳಸೇರಬಹುದು, ರಕ್ತ ಒಸರಬಹುದು. ಈ ಗುರುತುಗಳನ್ನು ನೆಚ್ಚಿ ಮನೆಯಲ್ಲೇ ತೀರ್ಮಾನಿಸುವಂತಿಲ್ಲ. ಒಂದೇ ಕಡೆಯ ಗಾಯ ಎರಡು ಮೂರು ವಾರದ ಸರಿಯಾದ ಚಿಕಿತ್ಸೆಗೂ ಮಾಯದಿದ್ದರೆ ಬಯಾಪ್ಸಿ, ಮ್ಯಾಮೊಗ್ರಾಂ ಆಗಲೇಬೇಕು. ಮುಲಾಮು ಹಚ್ಚಿದಾಗ ಸ್ವಲ್ಪ ಶಮನವಾದಂತೆ ಕಂಡು ಮತ್ತೆ ಮರಳಿದರೂ ಅಷ್ಟೆ.

ಇಸುಬೆಂದು ಖಚಿತವಾದ ಮೇಲಿನ ಆರೈಕೆ ಸರಳ, ಆದರೆ ತಾಳ್ಮೆ ಬೇಡುತ್ತದೆ. ಆ ಜಾಗಕ್ಕೆ ಸೋಪು ಬೇಡ, ಉಗುರುಬೆಚ್ಚಗಿನ ನೀರು ಸಾಕು. ಸ್ನಾನವಾದ ಕೂಡಲೇ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು, ಮೆತ್ತನೆಯ ಹತ್ತಿಯ ಒಳಉಡುಪು ತೊಡಬೇಕು. ಉರಿಯೂತಕ್ಕೆ ವೈದ್ಯರು ಬರೆದ ಸ್ಟೀರಾಯ್ಡ್ ಮುಲಾಮನ್ನು ಹೇಳಿದಷ್ಟು ದಿನ ಮಾತ್ರ ತೆಳುವಾಗಿ ಹಚ್ಚುವುದು. ಅಂಗಡಿಯಲ್ಲಿ ಕೇಳಿ ತಂದ, ಸ್ಟೀರಾಯ್ಡ್ ಬೆರೆತ ಮಿಶ್ರಣದ ಕ್ರೀಮುಗಳು ಚರ್ಮವನ್ನು ತೆಳುವಾಗಿಸುತ್ತವೆ; ಕೆಳಮಡಿಕೆಯಲ್ಲಿರುವುದು ಹುಳುಕಡ್ಡಿಯಾಗಿದ್ದರೆ ಅದನ್ನು ಇನ್ನಷ್ಟು ಹಬ್ಬಿಸುತ್ತವೆ. ಮನೆಮದ್ದೆಂದು ಹಚ್ಚುವ ನಿಂಬೆರಸವೂ ಬಿರಿದ ಚರ್ಮವನ್ನು ಸುಡುತ್ತದೆ.

ತುರಿಕೆಯ ಬಗ್ಗೆ ದಾರ್ಶನಿಕರು ವೈದ್ಯರಷ್ಟೇ ಯೋಚಿಸಿದ್ದಾರೆ. ಭಾಗವತದಲ್ಲಿ ಪ್ರಹ್ಲಾದ ವಿಷಯಸುಖವನ್ನು ಕೈ ತುರಿಸಿಕೊಳ್ಳುವುದಕ್ಕೆ ಹೋಲಿಸುತ್ತಾನೆ; ತುರಿಸಿದಷ್ಟೂ ದುಃಖ ಬೆಳೆಯುತ್ತದೆ. ತುರಿಸಿಕೊಳ್ಳುವ ಸುಖಕ್ಕಿಂತ ತುರಿಕೆಯೇ ಇಲ್ಲದಿರುವುದು ದೊಡ್ಡ ಸುಖ ಎಂಬುದು ನಾಗಾರ್ಜುನನ ರತ್ನಾವಳಿಯ ಮಾತು. ಕೆರೆದಂತೆ ಚರ್ಮ ದಪ್ಪಗಾಗಿ ಇನ್ನಷ್ಟು ತುರಿಸುವ ಚಕ್ರವನ್ನು ಚರ್ಮವೈದ್ಯರು ಇದೇ ರೀತಿ ವಿವರಿಸುತ್ತಾರೆ. ಆದರೆ ಇದರಿಂದ ಸಹನೆಯೇ ಮದ್ದು ಎಂದು ಹೇಳುವುದು ತಪ್ಪು. ಜೈನರ ತತ್ತ್ವಾರ್ಥಸೂತ್ರ ಹೇಳುವ 22 ಪರೀಷಹಗಳಲ್ಲಿ, ಅಂದರೆ ಮುನಿ ತಾಳಿಕೊಳ್ಳಬೇಕಾದ ಕಷ್ಟಗಳಲ್ಲಿ, ರೋಗವನ್ನು ಸಹಿಸುವುದೂ ಒಂದು. ಅದು ಮುನಿ ತಾನಾಗಿ ಹೊತ್ತ ವ್ರತ. ಮನೆಯ ಹೆಂಗಸಿನ ಮೇಲೆ ಬೇರೆಯವರು ಹೇರಿದ ಮೌನಕ್ಕೆ ಆ ಹೆಸರು ಸಲ್ಲದು.

ಬಾಣಂತಿಯ ಸಂಕಟ ಬೇರೆಯೇ. ಹಾಲೂಡುವಾಗ ಉರಿದರೆ ಆಕೆಗೆ ತನ್ನ ನೋವಿಗಿಂತ ಮಗುವಿನ ಚಿಂತೆ ಮೊದಲು, ಔಷಧ ಹಚ್ಚಿಕೊಂಡರೆ ಸ್ವಾರ್ಥವೆಂಬ ಅಳುಕು. ಇಲ್ಲಿ ಎರಡು ಧರ್ಮಗಳ ನಡುವೆ ನಿಜವಾದ ಜಗಳವೇ ಇಲ್ಲ. ಇಸುಬಿದ್ದರೂ ಹಾಲು ಕೊಡಬಹುದು. ಮುಲಾಮನ್ನು ಮಗು ಕುಡಿದ ಕೂಡಲೇ ಹಚ್ಚಿ, ಮುಂದಿನ ಸಲ ಕುಡಿಸುವ ಮೊದಲು ಮೆತ್ತಗೆ ಒರೆಸಿದರೆ ಸಾಕು. ಮಗು ಮೊಲೆ ಹಿಡಿಯುವ ಭಂಗಿ ಸರಿಯಿಲ್ಲದಿದ್ದರೂ ತೊಟ್ಟು ಬಿರಿಯುತ್ತದೆ. ಅದನ್ನು ಅನುಭವಸ್ಥ ನರ್ಸ್ ತಿದ್ದಬಲ್ಲಳು. ಹಳದಿ ಹಕ್ಕಳೆ, ಕೀವು, ಜ್ವರ ಸೋಂಕಿನ ಸೂಚನೆ. ಗುಂಪುಗುಂಪಾಗಿ ನೋವಿನ ನೀರ್ಗುಳ್ಳೆ ಎದ್ದರೆ ಅದು ಹರ್ಪಿಸ್ ಆಗಿರಬಹುದು. ಎಳೆಗೂಸಿಗೆ ಅದು ಪ್ರಾಣಾಪಾಯ. ಆ ಕಡೆಯ ಹಾಲು ನಿಲ್ಲಿಸಿ ಅದೇ ದಿನ ವೈದ್ಯರಿಗೆ ತೋರಿಸಬೇಕು.