ಹಳೆಯ ಅಂಟು

ಒಡೆದುದನ್ನು ಕೂಡಿಸುವಾಗ ಹಳೆಯದನ್ನು ಕೆದಕಬೇಕೋ, ಮೇಲಿಂದ ಮುಚ್ಚಿ ಮುಂದೆ ಸಾಗಬೇಕೋ? ಈ ಪ್ರಶ್ನೆಗೆ ಉತ್ತರವನ್ನು ನಾನು ಬಹಳ ದಿನ ಪುಸ್ತಕಗಳಲ್ಲಿ ಹುಡುಕಿದೆ. ಅದರ ಒಂದು ಸುಳಿವು ಸಿಕ್ಕದ್ದು ಮಾತ್ರ ಹಾಯಿದೋಣಿಯ ಕಿಟಕಿಯೊಂದರಲ್ಲಿ.

ಗೋಕಾಕದಲ್ಲಿ ಕನ್ನಡ ಪಾಠ ಹೇಳುವವನಿಗೆ ಹಾಯಿದೋಣಿಯ ಗೊಡವೆ ಏಕೆ ಬಂತೆಂದು ಓದುಗರು ಕೇಳುವದು ಸಹಜ. ನಮ್ಮ ಘಟಪ್ರಭೆಯ ಜನ ಬಲ್ಲದ್ದು ಹರಿಗೋಲನ್ನು. ಹಾಯಿ ಏರಿಸಿ ಸಮುದ್ರಕ್ಕೆ ಹೋಗುವ ದೋಣಿ ನಮಗೆ ಚಿತ್ರದೊಳಗಿನದು. ಹೊಳೆಯೂ ಹಾಗೆಯೇ, ಪಡುವಣ ಕಡಲು ಅಷ್ಟು ಹತ್ತಿರವಿದ್ದರೂ ಅದಕ್ಕೆ ಬೆನ್ನು ತಿರುಗಿಸಿ ಮೂಡಲಕ್ಕೆ ಹರಿಯುತ್ತದೆ.

ನನ್ನನ್ನು ಅತ್ತ ಎಳೆದವನು ಮೂಡಲಗಿಯ ಕಡೆಯ ಒಬ್ಬ ಹಳೆಯ ವಿದ್ಯಾರ್ಥಿ. ಬಿ. ಎ. ಮುಗಿಸಿ, ಊರಲ್ಲಿ ಕೆಲಸ ಸಿಗದೆ ಗೋವೆಗೆ ಹೋದವನು. ಅಲ್ಲಿ ಮಾಂಡೋವಿಯ ದಂಡೆಯ ಮೇಲೆ ದೋಣಿ ರಿಪೇರಿ ಮಾಡುವ ಒಂದು ಅಂಗಳದಲ್ಲಿ ಕೈಕೆಲಸ ಕಲಿತು, ಈಗ ನಾಲ್ಕು ಜನಕ್ಕೆ ಮೇಸ್ತ್ರಿಯಾಗಿದ್ದಾನೆ. “ಒಮ್ಮೆ ಬಂದು ನೋಡ್ರಿ ಸರ್” ಎಂದು ವರ್ಷವೂ ಕರೆಯುತ್ತಿದ್ದ. ಕಳೆದ ಬೇಸಗೆಯ ರಜೆಯಲ್ಲಿ ಚೋರ್ಲಾ ಘಟ್ಟ ಇಳಿದು ಹೋದೆ.

ಮಾಂಡೋವಿ ನಮಗೆ ಪರಕೀಯಳೇನಲ್ಲ. ನಮ್ಮದೇ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಗೇ ಅಲ್ಲಿ ಆ ಹೆಸರು. ಆ ನದಿಯ ಹೆಸರು ಹೊತ್ತ ‘ಮ್ಹಾದೇಯಿ’ ಎಂಬ ಹಾಯಿದೋಣಿಯನ್ನು ಗೋವೆಯಲ್ಲಿಯೇ ಕಟ್ಟಿದರು. ಅದರಲ್ಲಿ 2009-10ರಲ್ಲಿ ದಿಲೀಪ ದೋಂದೆಯವರು ಒಬ್ಬಂಟಿಯಾಗಿ ಜಗತ್ತನ್ನು ಸುತ್ತಿಬಂದರು. 2012-13ರಲ್ಲಿ ಅಭಿಲಾಷ ಟಾಮಿಯವರು ಯಾವ ಬಂದರದಲ್ಲಿಯೂ ನಿಲ್ಲದೆ ಸುತ್ತಿದರು. ಅದೇ ಬಗೆಯ ‘ತಾರಿಣಿ’ಯಲ್ಲಿ 2017-18ರಲ್ಲಿ ನೌಕಾದಳದ ಆರು ಮಂದಿ ಮಹಿಳೆಯರು, 2024-25ರಲ್ಲಿ ಇಬ್ಬರೇ ಮಹಿಳಾ ಅಧಿಕಾರಿಗಳು ಈ ಪ್ರದಕ್ಷಿಣೆಯನ್ನು ಮುಗಿಸಿದರು. ಮನೆಯ ಎತ್ತರದ ತೆರೆ ಬಂದು ಅಪ್ಪಳಿಸುವಾಗ ಆ ಜನಕ್ಕೂ ಕಡಲಿಗೂ ನಡುವೆ ಇರುವದು ದೋಣಿಯ ಗೋಡೆ ಮತ್ತು ಕಿಟಕಿ. ಗೋಡೆ ಇಡಿಯಾದದ್ದು, ಕಿಟಕಿಗೆ ಸಂದು ಉಂಟು. ನೀರು ಹುಡುಕುವದು ಸಂದನ್ನೇ.

ನಾನು ಹೋದ ದಿನ ನನ್ನ ಶಿಷ್ಯನ ಮುಂದಿದ್ದದ್ದು ಅಂಥ ದೊಡ್ಡ ದೋಣಿಯಲ್ಲ. ಮೂವತ್ತು ಅಡಿಯದೊಂದು ಹಳೆಯ ದೋಣಿ. ಮಳೆ ಬಂದರೆ ಒಳಗಿನ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕುತ್ತದೆಂಬದು ಯಜಮಾನನ ದೂರು. ಕಿಟಕಿಗಳು ಗಾಜಿನವಲ್ಲ, ಅಕ್ರಿಲಿಕ್ಕಿನವು. ಗಾಜಿನ ಅರ್ಧ ತೂಕದ ಈ ಪಾರದರ್ಶಕ ವಸ್ತು ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಪೇಟೆಗೆ ಬಂದು, ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಮುಚ್ಚಳವಾಯಿತು. ಅದರ ಚೂರುಗಳು ವೈಮಾನಿಕರ ಕಣ್ಣಿಗೆ ಸಿಡಿದು ಕುಳಿತರೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಹೆರಾಲ್ಡ್ ರಿಡ್ಲಿ ಎಂಬ ಇಂಗ್ಲಿಷ್ ವೈದ್ಯರು ಗಮನಿಸಿದರು. 1949ರಲ್ಲಿ ಅವರು ಲಂಡನ್ನಿನಲ್ಲಿ ಅದೇ ವಸ್ತುವಿನ ಮಸೂರವನ್ನು ಮೊದಲ ಬಾರಿಗೆ ಪೊರೆ ತೆಗೆದ ಕಣ್ಣಿನೊಳಗೆ ಇಟ್ಟರು. ಇಂದು ನಮ್ಮ ಹಿರಿಯರು ಪೊರೆ ತೆಗೆಸಿಕೊಂಡು ಮೊಮ್ಮಕ್ಕಳ ಮುಖ ನೋಡುವದರಲ್ಲಿ ಈ ಅಕ್ರಿಲಿಕ್ಕಿನ ಋಣವಿದೆ. ನನ್ನ ತಾಯಿಯೂ ಹಾಗೆಯೇ ನೋಡಿದಳು. ಆ ಮಾತಿಗೆ ಮತ್ತೆ ಬರುವೆ.

ಕಿಟಕಿಯ ಅಂಚಿನಲ್ಲಿ ಮೂರು ಬಣ್ಣದ ಅಂಟು ಕಾಣುತ್ತಿತ್ತು: ಒಂದು ಕಪ್ಪು, ಅದರ ಮೇಲೆ ಬಿಳಿ, ಅದರ ಮೇಲೆ ನೀರಿನಂತಹದು. ಮೂರು ಮಳೆಗಾಲ, ಮೂರು ತೇಪೆ. ನಾಲ್ಕನೆಯದನ್ನೂ ಹಚ್ಚಿಬಿಡಬಹುದಲ್ಲ ಎಂದೆ. ಅವನು ನಕ್ಕ. “ಹಳೇದು ತೆಗೀದ ಹೊಸಾದು ಹಿಡಿಯಂಗಿಲ್ರಿ ಸರ್. ಮ್ಯಾಲೆ ಹಚ್ಚಿದ್ದು ನೋಡಾಕ ಚಂದ. ನೀರು ಒಳಗಿಂದ ಒಳಗ ದಾರಿ ಮಾಡ್ಕೋತೈತಿ. ಎಲ್ಲಿ ತೊಟ್ಟಿಕ್ಕತೈತಿ ಅಲ್ಲೇ ಸೋರತೈತಿ ಅಂತ ತಿಳೀಬ್ಯಾಡ್ರಿ.”

ಮುಂದೆ ಎರಡು ದಿನ ಅವನು ಮಾಡಿದ್ದು ಕೆರೆಯುವ ಕೆಲಸವೊಂದೇ. ಬೋಲ್ಟು ಬಿಚ್ಚಿ, ಹಲಗೆಯನ್ನು ಮೆಲ್ಲಗೆ ಎಬ್ಬಿಸಿ, ದೋಣಿಯ ಚೌಕಟ್ಟಿನ ಮೇಲಿದ್ದ ಹಳೆಯ ಅಂಟನ್ನು ಎಳೆ ಎಳೆಯಾಗಿ ತೆಗೆದ. ಕಣ್ಣಿಗೆ ಕಾಣದಷ್ಟು ಸಿಲಿಕೋನಿನ ಜಿಡ್ಡು ಉಳಿದರೂ ಹೊಸ ಅಂಟು ಅದನ್ನು ಒಪ್ಪುವದಿಲ್ಲವಂತೆ. ಇನ್ನೊಂದು ವಿಷಯ. ಕೆಲಸ ಬೇಗ ಆಗಲೆಂದು ತೀಕ್ಷ್ಣವಾದ ಅಸಿಟೋನು, ಥಿನ್ನರು ತಗಲಿಸಿದರೆ ಅಕ್ರಿಲಿಕ್ಕಿನ ಮೈಯೊಳಗೆ ಕೂದಲೆಳೆಯ ಬಿರುಕು ಹುಟ್ಟುತ್ತವೆ. ಅಂಟು ಹೋಗುವದರೊಡನೆ ಹಲಗೆಯೂ ಹೋಗುತ್ತದೆ. ಅದಕ್ಕೆ ಅವನ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ಕಿನ ಚಕ್ಕೆ, ಸಾಬೂನಿನ ನೀರು, ಮತ್ತು ತಾಳ್ಮೆ.

ಹಳೆಯ ಹಲಗೆ ಬೋಲ್ಟಿನ ತೂತುಗಳ ಸುತ್ತ ಬಿರಿದಿತ್ತು. ಹಿಂದಿನವರು ಬಿಗಿಯಾಗಿರಲೆಂದು ತೂತನ್ನು ಬೋಲ್ಟಿನ ಅಳತೆಗೇ ಕೊರೆದು, ಶಕ್ತಿಯಿದ್ದಷ್ಟು ತಿರುವಿದ್ದರು. ಅಕ್ರಿಲಿಕ್ಕು ಬಿಸಿಲಿಗೆ ಹಿಗ್ಗುವದು ಗಾಜಿನ ಏಳೆಂಟು ಪಟ್ಟು. ಒಂದು ಮೀಟರು ಉದ್ದದ ಹಲಗೆ ಮೂವತ್ತು ಡಿಗ್ರಿ ಸೆಕೆ ಏರಿದರೆ ಎರಡು ಮಿಲಿಮೀಟರಿನಷ್ಟು ಬೆಳೆಯುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಜಾಗ ಕೊಡದಿದ್ದರೆ ಅದು ಸಿಡಿಯಲೇ ಬೇಕು. ಅದಕ್ಕಾಗಿ ಹೊಸ ಹಲಗೆಗೆ ಅವನು ತೂತನ್ನು ದೊಡ್ಡದಾಗಿಯೇ ಕೊರೆದ. ಅಂಚಿನಲ್ಲಿ ಮೂರು ಮಿಲಿಮೀಟರಿನ ಪುಟ್ಟ ಬಿಲ್ಲೆಗಳನ್ನಿಟ್ಟು, ಬಿಗಿಯುವಾಗ ಅಂಟೆಲ್ಲ ಹೊರಗೆ ಹಿಂಡಿಹೋಗದಂತೆ ನೋಡಿಕೊಂಡ. ಹಿಂಡಿ ತೆಳುವಾದ ಅಂಟಿಗೆ ಹಿಗ್ಗುವ ಶಕ್ತಿ ಇರುವದಿಲ್ಲ. ಹಲಗೆ ಸರಿದಾಡಿದಂತೆ ಹರಿದುಹೋಗುತ್ತದೆ.

ಅದನ್ನೆಲ್ಲ ನೋಡುತ್ತ ಕುಳಿತಾಗ ನನಗೆ ಹುಕ್ಕೇರಿಯ ನೆನಪು ಬಂತು.

ಹುಕ್ಕೇರಿಯ ನಮ್ಮ ಮನೆಯಲ್ಲಿ ನನ್ನ ಅಣ್ಣನಿದ್ದಾನೆ. ತಾಯಿ ಕೊನೆಯ ಆರು ವರ್ಷ ಅವನ ಹತ್ತಿರವೇ ಇದ್ದಳು. ಅವಳ ಕಣ್ಣಿನ ಪೊರೆ ತೆಗೆಸಲು ಬೆಳಗಾವಿಗೆ ಕರೆದೊಯ್ದವನು, ರಾತ್ರಿಯಿಡೀ ಪಕ್ಕದಲ್ಲಿ ಕುಳಿತವನು, ಕಡೆಗೆ ಅವಳು ಹಾಸಿಗೆ ಹಿಡಿದಾಗ ಅವನೂ ಅತ್ತಿಗೆಯೂ ಮಾಡಿದ ಸೇವೆ — ಇದರಲ್ಲಿ ನನ್ನ ಭಾಗ ತಿಂಗಳಿಗೊಮ್ಮೆ ಕಳಿಸಿದ ಹಣ. ಆಕೆ ಹೋದ ಮರುವರ್ಷ ಪಾಲು ಮಾಡಿಕೊಂಡೆವು. ಕಾಯಿದೆಯಂತೆ ಸರಿಪಾಲು. ಅಣ್ಣ ಏನೋ ಹೇಳಲು ಬಾಯಿ ತೆರೆದ. “ಲೆಕ್ಕದಂತೆ ಆಗಲಿ, ನಾಳೆ ಯಾರಿಗೂ ಮಾತು ಬ್ಯಾಡ” ಎಂದೆ. ಅವನು ಬಾಯಿ ಮುಚ್ಚಿದ.

ಆಮೇಲೆ ನಾವು ಜಗಳಾಡಲಿಲ್ಲ. ಜಗಳವಾಡಿದ್ದರೆ ಒಳ್ಳೆಯದಿತ್ತೇನೋ. ಪಂಚಮಿಗೆ ಉಂಡಿ ಹೋಗುತ್ತಿತ್ತು, ದೀಪಾವಳಿಗೆ ಬಟ್ಟೆ ಬರುತ್ತಿತ್ತು. ನಾನು ಗೋಕಾಕದ ಕರದಂಟು ಒಯ್ದು ಕೊಡುತ್ತಿದ್ದೆ. ವರ್ಷವರ್ಷವೂ ಒಂದೊಂದು ಬಣ್ಣದ ಅಂಟು. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದಾಗ ಅಣ್ಣ ದಿನವೂ ರಾತ್ರಿ ಫೋನು ಮಾಡಿ, ಹಿಡಕಲ್ ಆಣೆಕಟ್ಟಿನಿಂದ ಎಷ್ಟು ನೀರು ಬಿಟ್ಟಿದ್ದಾರೆ ಎಂದು ಹೇಳುತ್ತಿದ್ದ. ಆಣೆಕಟ್ಟು ಅವನ ತಾಲ್ಲೂಕಿನಲ್ಲಿ, ಬಿಟ್ಟ ನೀರು ಬರುವದು ನನ್ನ ಊರಿಗೆ. ಅಷ್ಟು ರಾತ್ರಿಗಳಲ್ಲಿ ನಾವು ನೀರಿನ ಮಾತು ಬಿಟ್ಟು ಬೇರೆ ಒಂದು ಮಾತು ಆಡಲಿಲ್ಲ.

ಹಳೆಯದನ್ನು ಕೆದಕಬಾರದು, ಮರೆತುಬಿಡುವದೇ ದೊಡ್ಡತನ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆ ಮಾತನ್ನು ಸುಳ್ಳೆನ್ನಲಾರೆ. ಹುಣ್ಣನ್ನು ಕೆದಕಿ ರಣ ಮಾಡಿಕೊಂಡ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಸತ್ಯ ಹೇಳುತ್ತೇನೆಂದು ಅಸಿಟೋನು ಸುರಿಯುವವರೂ ಇದ್ದಾರೆ. ಆದರೆ ಮರೆಯುವ ಹಕ್ಕು ಯಾರದು? ಅನ್ಯಾಯವನ್ನು ಉಂಡವನು ಮರೆತರೆ ಅದು ಕ್ಷಮೆ. ಮಾಡಿದವನು ಮರೆತರೆ ಅದು ಸೌಕರ್ಯ. ನಾನು ದೊಡ್ಡತನವೆಂದು ತಿಳಿದದ್ದು ನನ್ನ ಸೌಕರ್ಯವನ್ನು. ಸುಮ್ಮನಿರುವದರ ವೆಚ್ಚವನ್ನೆಲ್ಲ ಅಣ್ಣನ ಹೆಸರಿಗೆ ಹಾಕಿ, ಶಾಂತಿಯ ಕೀರ್ತಿಯನ್ನು ಇಬ್ಬರೂ ಹಂಚಿಕೊಂಡಿದ್ದೆವು.

ಸರಿಪಾಲು ತಪ್ಪೇ? ಕಾಯಿದೆಯ ದೃಷ್ಟಿಯಿಂದ ತಪ್ಪಲ್ಲ. ಆದರೆ ಬೋಲ್ಟಿನ ಅಳತೆಗೇ ತೂತು ಕೊರೆದವನ ಲೆಕ್ಕವೂ ತಪ್ಪಿರಲಿಲ್ಲ. ಇಬ್ಬರ ನಡುವೆ ಇರುವದು ಒಂದೊಂದು ಕಾಲದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಆರು ವರ್ಷದ ಸೇವೆ ಎಂಬದು ಹಿಗ್ಗಿದ ವಸ್ತು. ಅದಕ್ಕೆ ನಾನು ಒಂದು ಕೂದಲೆಳೆಯ ಜಾಗವನ್ನೂ ಬಿಡಲಿಲ್ಲ.

ಕೆದಕಬೇಕೋ ಬೇಡವೋ ಎಂಬ ಪ್ರಶ್ನೆಗೆ ಈಗ ನನಗೆ ತೋರುವದು ಇಷ್ಟು: ತನ್ನ ಕಡೆಯ ಅಂಟನ್ನು ಮನುಷ್ಯ ಕೆರೆಯಲೇಬೇಕು; ಇನ್ನೊಬ್ಬನ ಕಡೆಯದಕ್ಕೆ ಕೈ ಹಾಕುವ ಅಧಿಕಾರ ಅವನಿಗಿಲ್ಲ. ಹಾಗೆ ಕೆರೆದ ಮಾತ್ರಕ್ಕೆ ಹೊಸದು ಹಿಡಿದೇ ಹಿಡಿಯುತ್ತದೆಂಬ ಭರವಸೆಯೂ ಇಲ್ಲ. ಕೆರೆಯದಿದ್ದರೆ ಹಿಡಿಯುವದಿಲ್ಲ ಎಂಬದು ಮಾತ್ರ ಖಂಡಿತ.

ಗೋವೆಯಿಂದ ಬಂದ ಮರುವಾರ ಹುಕ್ಕೇರಿಗೆ ಹೋದೆ. ಉಂಡಿಯನ್ನೂ ಕರದಂಟನ್ನೂ ಒಯ್ಯಲಿಲ್ಲ. ಊಟವಾದ ಮೇಲೆ, ಅವತ್ತು ನೀನು ಏನು ಹೇಳಬೇಕೆಂದಿದ್ದಿ ಎಂದು ಕೇಳಿದೆ. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. “ಈಗ್ಯಾಕ ಆ ಮಾತು?” ಎಂದ. ಆ ಪಾಲು ತಪ್ಪಾಗಿತ್ತು, ಮನೆಯಲ್ಲಿ ನನ್ನ ಭಾಗ ನಿನ್ನದು, ಕಾಗದ ಮಾಡಿಸೋಣ ಎಂದೆ. ಅವನು ಒಪ್ಪಲಿಲ್ಲ, ಒಲ್ಲೆ ಎನ್ನಲೂ ಇಲ್ಲ. ಅತ್ತಿಗೆ ಮಾತ್ರ ಒಳಗಿನಿಂದ ಬಂದು, ತಾಯಿಯ ಕನ್ನಡಕವನ್ನು ತಂದು ನನ್ನ ಮುಂದೆ ಇಟ್ಟಳು. ಪೊರೆ ತೆಗೆಸಿದ ಮೇಲೆ ಓದಲಿಕ್ಕೆ ಹಾಕಿಕೊಳ್ಳುತ್ತಿದ್ದದ್ದಂತೆ. ಅದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಕಿಟಕಿ ಕೂಡಿಸಿದ ದಿನವೇ ನೀರು ಹೊಯ್ದು ಪರೀಕ್ಷಿಸೋಣವೇ ಎಂದು ನಾನು ಅವಸರ ಮಾಡಿದಾಗ ಶಿಷ್ಯ ಬೇಡವೆಂದಿದ್ದ. ಅಂಟು ಗಾಳಿಯೊಳಗಿನ ಪಸೆಯನ್ನು ಹೀರಿ, ದಿನಕ್ಕೆ ಎರಡು ಮೂರು ಮಿಲಿಮೀಟರಿನಂತೆ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದಂತೆ. ಮುಟ್ಟಿ ನೋಡಿದರೆ ಗಟ್ಟಿ ಎನಿಸಿದರೂ ಒಳಗೆ ಇನ್ನೂ ಹಸಿ. ಒಂದು ವಾರ ಸುಮ್ಮನೆ ಬಿಟ್ಟು, ಆಮೇಲೆ ಒಬ್ಬ ಹೊರಗಿನಿಂದ ನೀರು ಹೊಯ್ಯಬೇಕು, ಇನ್ನೊಬ್ಬ ಒಳಗೆ ದೀಪ ಹಿಡಿದು ಕೂತು ನೋಡಬೇಕು.

ಅಣ್ಣ ಈಗ ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಕಾಗದದ ಮಾತು ಇನ್ನೂ ಎತ್ತಿಲ್ಲ. ಮಿರಗದ ಮಳೆ ಬರಲು ಕೆಲವು ದಿನಗಳಿವೆ.