ಬೆರೆಸಿ ಕೊಡುವ ಕೈ

ಮಾರ್ಟಿನಿ ಎಂಬ ಪದ ನಮ್ಮ ಅಡುಗೆಮನೆಗೆ ಬಂದದ್ದು ರಸಪುರಿ ಮಾವಿನಹಣ್ಣಿನ ಜೊತೆಯಲ್ಲಿ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳ ಹಿಂದಿನ ಓಣಿಯಲ್ಲಿ ನಮ್ಮ ಮನೆ. ತಂಗಿಯ ಮಗಳು ಎರಡು ವರ್ಷದಿಂದ ನಮ್ಮಲ್ಲೇ ಇದ್ದಾಳೆ, ಸಾಫ್ಟ್‌ವೇರ್ ಕೆಲಸ. ಮೇ ತಿಂಗಳು ಬಂತೆಂದರೆ ಕೃಷ್ಣರಾಜೇಂದ್ರ ಮಾರುಕಟ್ಟೆಯಿಂದ ಹಣ್ಣು ತಂದು ಮಿಕ್ಸಿಗೆ ಹಾಕುತ್ತಾಳೆ. ಅದಕ್ಕೆ ನಿಂಬೆರಸ, ಸಕ್ಕರೆ ಪಾಕ, ಐಸು, ಲೋಟವೊಂದಕ್ಕೆ 60 ಮಿಲಿಲೀಟರಿನಂತೆ ವೋಡ್ಕಾ. ಬಿಗಿಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಎಲ್ಲವನ್ನೂ ಗಲಗಲ ಕುಲುಕಿದರೆ ಆಯಿತು. ಹಳೆಯ ಮಾರ್ಟಿನಿಗೆ ಹಣ್ಣಿನ ರಸದ ಸಂಬಂಧವಿರಲಿಲ್ಲ, ಜಿನ್ ಮತ್ತು ವರ್ಮೂತ್ ಸೇರಿದರೆ ಮುಗಿಯಿತು. ಈಗ ಆ ಉದ್ದ ಕಾಲಿನ ಗಾಜಿನ ಲೋಟಕ್ಕೆ ಏನು ಸುರಿದರೂ ಮಾರ್ಟಿನಿಯೇ!

ಮನೆಯಲ್ಲಿ ಕುಡಿಯಬಹುದೇ, ಅದರಲ್ಲೂ ಹೆಣ್ಣುಮಕ್ಕಳು ಕುಡಿಯಬಹುದೇ ಎಂಬ ಪ್ರಶ್ನೆಯನ್ನು ನಾನಿಲ್ಲಿ ಎತ್ತುವುದಿಲ್ಲ. ಗಂಡಸರನ್ನು ಕೇಳದ ಪ್ರಶ್ನೆ ಅವಳೊಬ್ಬಳಿಗೆ ಏಕೆ? ಕುಡಿಯುವುದು ಒಳ್ಳೆಯದೆಂದೂ ಹೇಳುತ್ತಿಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದು ಅವಳಿಗೂ ಗೊತ್ತು. ಗೊತ್ತಿದ್ದು ಕುಡಿದರೆ ಅವಳ ಲೆಕ್ಕ ಅವಳದು. ನನ್ನನ್ನು ಕಾಡುವುದು ಇನ್ನೊಬ್ಬರಿಗೆ ಬೆರೆಸಿ ಕೊಡುವವರ ಲೆಕ್ಕ.

ಒಂದು ಶನಿವಾರ ತಾರಸಿಯ ಮೇಲೆ ನಾಲ್ಕೈದು ಜನ ಗೆಳೆಯರು ಸೇರಿದ್ದರು. ಅವರಲ್ಲೊಬ್ಬ ಹುಡುಗ ಅದುವರೆಗೆ ಕುಡಿದವನಲ್ಲ. “ಏನಾಗಲ್ಲ ಕಣೋ, ಮಾವಿನಹಣ್ಣೇ ಜಾಸ್ತಿ” ಎಂದರಂತೆ ಯಾರೋ. ಸೀಕರಣೆ ಕುಡಿದಂತೆ ಮೂರು ಲೋಟ ಕುಡಿದ. ರಾತ್ರಿ ಹತ್ತೂವರೆಗೆ ಕೆಳಗಿಳಿದು ಸ್ಕೂಟರಿಗೆ ಕೀ ಹಾಕಲಾರದೆ ತಡಕಾಡುತ್ತಿದ್ದ. ನಮ್ಮ ಹುಡುಗಿಯೇ ಓಡಿಹೋಗಿ ಕೀ ಕಿತ್ತುಕೊಂಡು, ನಡುಮನೆಯಲ್ಲಿ ಚಾಪೆ ಹಾಸಿ ಮಲಗಿಸಿದಳು.

ಬೆಳಿಗ್ಗೆ ಕಾಫಿ ಕುಡಿಯುತ್ತ ನಾವಿಬ್ಬರೂ ಲೆಕ್ಕ ಮಾಡಿದೆವು. ಟೀಚರ್ ಚಪಲ, ಬಿಡುವುದಿಲ್ಲ. ನಮ್ಮಲ್ಲಿ ಮಾರುವ ವೋಡ್ಕಾದಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಪಾಲು ಆಲ್ಕೋಹಾಲು. 60 ಮಿಲಿಲೀಟರಿಗೆ ಸುಮಾರು 26 ಆಯಿತು. ಎರಡು ಲೋಟವೆಂದರೆ ಶೇಕಡ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಗೆ ಹೆಚ್ಚುಕಡಿಮೆ ಸಮ. ಹುಡುಗ ಅಂಥ ಒಂದೂವರೆ ಬಾಟಲಿಯಷ್ಟು ಕುಡಿದು ಗಾಡಿ ಏರಲು ಹೊರಟಿದ್ದ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ವಾಹನ ನಡೆಸುವುದು ಅಪರಾಧ. ಬಿಯರನ್ನೇ ಎದುರಿಗೆ ಇಟ್ಟಿದ್ದರೆ ಮೊದಲ ಗುಟುಕಿನ ಕಹಿಗೇ ಮುಖ ಕಿವುಚಿ ಕೆಳಗಿಡುತ್ತಿದ್ದನೋ ಏನೋ.

ನಾಲಗೆ ದೇವರು ಕೊಟ್ಟ ಕಾವಲುಗಾರ. ಸಿಹಿ, ಹುಳಿ, ತಂಪು ಮೂರೂ ಸೇರಿ ಆ ಕಾವಲುಗಾರನಿಗೆ ಜೋಗುಳ ಹಾಡುತ್ತವೆ. ಮಲಗಿಸಿದವರು ಅವನ ಪಾಳಿಯನ್ನು ತಾವು ಮಾಡಬೇಡವೇ?

“ಹಾಗಾದರೆ ರುಚಿ ಮಾಡೋದೇ ಮೋಸವಾ ದೊಡ್ಡಮ್ಮ? ನಿಮಗೆ ಅಜ್ಜಿ ಹರಳೆಣ್ಣೆಯನ್ನ ಕಾಫೀಲಿ ಹಾಕಿ ಕೊಡ್ತಿರಲಿಲ್ವಾ?” ಎಂದಳು. ಒಳ್ಳೆಯ ಪ್ರಶ್ನೆ. ತರಗತಿಯಲ್ಲಿ ಇಂಥದು ಬಂದರೆ ನನಗೆ ಖುಷಿ, ಮನೆಯಲ್ಲಿ ಸ್ವಲ್ಪ ಕಷ್ಟ. ಕೊಡುತ್ತಿದ್ದಳು, ನಿಜ. ಆದರೆ ಲೋಟದಲ್ಲಿರುವುದು ಹರಳೆಣ್ಣೆ ಎಂದು ನಮಗೆ ಗೊತ್ತಿತ್ತು. ಗೊತ್ತಿದ್ದುದಕ್ಕೇ ಹಿತ್ತಿಲಿಗೆ ಓಡುತ್ತಿದ್ದೆವು. ಕಾಫಿ ಎಣ್ಣೆಯ ವಾಸನೆಯನ್ನು ಮುಚ್ಚಿತೇ ಹೊರತು ಹೆಸರನ್ನಲ್ಲ. ನಮ್ಮ ಅತ್ತೆಯವರು ಊಟವಾದ ಮೇಲೆ ದ್ರಾಕ್ಷಾರಿಷ್ಟ ತೆಗೆದುಕೊಳ್ಳುತ್ತಿದ್ದರು. ಅದೂ ಸಿಹಿ, ಅದರಲ್ಲೂ ಹುದುಗಿನಿಂದ ಹುಟ್ಟಿದ ಆಲ್ಕೋಹಾಲು ಇದೆ. ಆದರೆ ಬಾಟಲಿಯ ಚೀಟಿಯಲ್ಲಿ ಹಾಗೆಂದು ಬರೆದಿರುತ್ತದೆ, ಕುಡಿಯುವುದು ಚಮಚದ ಅಳತೆಯಲ್ಲಿ. (ಹಣ್ಣಿನ ಮದ್ಯ ಪರದೇಶದ ಚಾಳಿ ಎನ್ನುವವರು ಚರಕಸಂಹಿತೆ ನೋಡಬೇಕು. ಅಲ್ಲಿ ಹೇಳಿರುವ 84 ಆಸವಗಳಲ್ಲಿ ಹಣ್ಣಿನವೇ ಒಂದು ಗುಂಪು ಇದೆ.)

ಇನ್ನೊಂದು ಮಾತು. ರಾಮನವಮಿಯ ದಿನ ಚಾಮರಾಜಪೇಟೆಯಿಂದ ಬಸವನಗುಡಿಯವರೆಗೆ ನಡೆದು ಹೋದರೆ ದಾರಿಯುದ್ದಕ್ಕೂ ಪಾನಕ ಕೊಡುತ್ತಾರೆ. ಬೆಲ್ಲ, ನಿಂಬೆ, ಏಲಕ್ಕಿ, ಕೆಲವು ಕಡೆ ಕರಬೂಜ, ಕೆಲವು ಕಡೆ ಬೇಲದ ಹಣ್ಣು. ಕೊಡುವವರು ಯಾರೋ, ಕುಡಿಯುವವರು ಯಾರೋ. ಏನು ಹಾಕಿದ್ದೀರಿ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಹಣ್ಣಿನ ಬಣ್ಣದ ಲೋಟ ಕಂಡರೆ ಕೈ ಆ ನಂಬಿಕೆಯಿಂದಲೇ ಚಾಚಿಕೊಳ್ಳುತ್ತದೆ. ಆ ಹುಡುಗನ ಕೈಯೂ ಹಾಗೇ ಚಾಚಿತು.

“ಅವನೇನು ಮಗುವಾ? ವೋಡ್ಕಾ ಇದೆ ಅಂತ ಗೊತ್ತಿತ್ತಲ್ಲ” ಎಂದೂ ವಾದಿಸಿದಳು. ಅವನ ಪಾಲು ಅವನಿಗಿದೆ, ಇಲ್ಲವೆನ್ನಲಾರೆ. ಆದರೆ ಇದೆ ಎಂಬುದಷ್ಟೇ ಅವನಿಗೆ ಗೊತ್ತಿದ್ದದ್ದು. ಎಷ್ಟಿದೆ ಎಂಬುದು ಸುರಿದ ಕೈಗೆ ಮಾತ್ರ ಗೊತ್ತು. ಇದಕ್ಕೆ ಅವಳು ಉತ್ತರ ಕೊಡಲಿಲ್ಲ, ಲೋಟ ತೊಳೆಯಲು ಎದ್ದು ಹೋದಳು.

ಈಗ ತಾರಸಿಗೆ ಹೋಗುವುದು ಬರೀ ಮಾವಿನ ರಸದ ಜಗ್ಗು. ವೋಡ್ಕಾವನ್ನು ಕೇಳಿದವರಿಗೆ ಮಾತ್ರ, ಅವರ ಎದುರಿಗೇ, 30 ಮಿಲಿಲೀಟರ್ ಅಳೆದು ಹಾಕುತ್ತಾಳೆ. ಗಾಡಿಯ ಕೀಗಳೆಲ್ಲ ಬಾಗಿಲ ಪಕ್ಕದ ಗೂಡಿಗೆ. ಐಸಿನ ಜೊತೆ ಎಲ್ಲವನ್ನೂ ಒಟ್ಟಿಗೆ ಕುಲುಕದಿದ್ದರೆ ಹದವೇ ಬರುವುದಿಲ್ಲ, ವೋಡ್ಕಾ ಎದ್ದು ಕಾಣುತ್ತದೆ ಎಂದು ಗೊಣಗುತ್ತಾಳೆ. ಗೆಳೆಯರಲ್ಲಿ ಇಬ್ಬರು ಜಗ್ಗಿನ ರಸವನ್ನಷ್ಟೇ ಕುಡಿದು ಹೋಗುತ್ತಿದ್ದಾರಂತೆ.