ಸುಣ್ಣ ಬಳಿದ ಗಡಿಗೆ

ಕಳ್ಳು ಎಂಬ ಮಾತು ಕನ್ನಡ, ಮಲಯಾಳ, ತಮಿಳು ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಕುಡಿಯಬಹುದೇ ಎಂದು ಕೇಳಿದರೆ ಮಾತ್ರ ಉತ್ತರ ಬೇರೆ ಬೇರೆ. ಕೇರಳದಲ್ಲಿ ಪರವಾನಗಿಯ ಕಳ್ಳಂಗಡಿಗಳಿವೆ. ಕರ್ನಾಟಕದ್ದು ಕರಾವಳಿಗೆ ಒಂದು ಉತ್ತರ, ಒಳನಾಡಿಗೆ ಇನ್ನೊಂದು. ತಮಿಳುನಾಡಿನಲ್ಲಿ 1987ರಿಂದ ಕಳ್ಳು ಇಳಿಸುವುದೇ ಅಪರಾಧ.

ಧರ್ಮಪುರಿ ಜಿಲ್ಲೆಯ ಒಂದು ಹಳ್ಳಿಯ ಶಾಖೆಯಲ್ಲಿ ನಾನು ಎರಡು ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತಿದ್ದೆ. ಬೆಳಿಗ್ಗೆ ಸ್ವಸಹಾಯ ಗುಂಪಿನ ಹೆಂಗಸರು, ಕೂಲಿಯ ಹಣ ಪಡೆಯುವವರು, ಒಡವೆ ಅಡವಿಡುವವರು. ಆಮೇಲೆ ಸರಕಾರಿ ಮದ್ಯದಂಗಡಿಯ ಹಿಂದಿನ ದಿನದ ವ್ಯಾಪಾರದ ಚೀಲ. ಆ ಚೀಲದ ನೋಟುಗಳು ಸದಾ ಮೆತ್ತಗೆ, ಬೆವರಿಗೆ ಒದ್ದೆಯಾಗಿ, ನಾಲ್ಕು ಮಡಿಕೆಯಾಗಿ ಬರುತ್ತಿದ್ದವು. ಒಮ್ಮೆ ಸೋಮವಾರ ನಾನೇ ಒಬ್ಬ ಹೆಂಗಸಿಗೆ ಕೊಟ್ಟ, ಮೂಲೆಯಲ್ಲಿ ಕೆಂಪು ಶಾಯಿ ಚೆಲ್ಲಿದ್ದ ನೂರರ ನೋಟು ಬುಧವಾರ ಆ ಚೀಲದೊಳಗೆ ಸಿಕ್ಕಿತು. ಆಕೆಯ ಮನೆಯಿಂದಲೇ ಹೋಯಿತೆಂದು ಹೇಳಲಾರೆ. ನೋಟು ಹೋಗುವ ದಾರಿ ಯಾರಿಗೆ ಗೊತ್ತು? ಆದರೂ ಆ ದಿನ ಎಣಿಕೆ ಎರಡು ಸಲ ತಪ್ಪಿತು.

ಆ ವಾರವೇ ಒಬ್ಬ ತೆಂಗಿನ ತೋಟದ ಯಜಮಾನರು, ತಮಿಳು ಬೆರೆತ ಕನ್ನಡ ಮಾತಾಡುವವರು, ಕೌಂಟರಿಗೆ ಒರಗಿ ಕೇಳಿದರು: “ಸಾರ್, ನನ್ನ ಮರದ ಕಳ್ಳು ನಾನು ಕುಡಿದರೆ ಪೊಲೀಸು. ಕಾರ್ಖಾನೆಯ ಬಾಟಲಿ ಕುಡಿದರೆ ಸರಕಾರವೇ ಬಿಲ್ಲು ಹಾಕುತ್ತದೆ. ಇದು ಯಾವ ನ್ಯಾಯ?” ನಾನು ಪಾಸ್‌ಬುಕ್ಕಿಗೆ ಮುದ್ರೆ ಒತ್ತಿ ಕೊಟ್ಟೆ. ಉತ್ತರ ಇರಲಿಲ್ಲ.

ಪ್ರಶ್ನೆ ಹುಟ್ಟಲು ಇದಕ್ಕಿಂತ ತಕ್ಕ ಜಾಗವಿಲ್ಲ. ಇಂದಿನ ಧರ್ಮಪುರಿಯೇ ಹಿಂದಿನ ತಗಡೂರು, ಅದಿಯಮಾನನ ಊರು. ಅವನು ತನ್ನೊಡನೆ ಕಳ್ಳನ್ನು ಹಂಚಿಕೊಂಡದ್ದನ್ನು ಅವನು ಸತ್ತ ಮೇಲೆ ಅವ್ವೈಯಾರ್ ನೆನೆದು ಅತ್ತ ಹಾಡು ಪುರನಾನೂರಿನಲ್ಲಿದೆ. ಅದೇ ನೆಲದಲ್ಲಿ 1937ರ ಅಕ್ಟೋಬರ್ 1ರಂದು ರಾಜಾಜಿ ಮದರಾಸು ಪ್ರಾಂತ್ಯದ ಮೊದಲ ಪಾನನಿರೋಧ ತಂದರು. ಪ್ರಯೋಗಕ್ಕೆ ಆರಿಸಿಕೊಂಡದ್ದು ತಾವು ಹುಟ್ಟಿದ ಸೇಲಂ ಜಿಲ್ಲೆಯನ್ನೇ. ಧರ್ಮಪುರಿ ಅದರಿಂದ ಬೇರೆಯಾದದ್ದು 1965ರಲ್ಲಿ. ಅಬಕಾರಿಯ ಆದಾಯ ಹೋಯಿತು. ಆ ಕೊರತೆ ತುಂಬಲು 1939ರಲ್ಲಿ ಮಾರಾಟ ತೆರಿಗೆ ಹಾಕಿ ವ್ಯಾಪಾರಿಗಳ ಬೈಗುಳ ತಿಂದರು. ಮುಂದೆ ಪಾನನಿರೋಧ ಹೋಯಿತು, ತೆರಿಗೆ ಉಳಿಯಿತು, ಅದು ಬೇರೆ ಮಾತು. ತನ್ನ ಬೊಕ್ಕಸಕ್ಕೆ ನಷ್ಟ ಮಾಡಿಕೊಂಡು ‘ಬೇಡ’ ಎನ್ನುವವನ ಮಾತಿಗೆ ಒಂದು ತೂಕವಿದೆ ಎಂದು ನನಗೆ ಅನಿಸುತ್ತದೆ. 1987ರ ‘ಬೇಡ’ ಕಳ್ಳು ಮತ್ತು ಸಾರಾಯಿಗೆ ಮಾತ್ರ. ಬಾಟಲಿಯ ಸಗಟು ವ್ಯಾಪಾರ ಆಗಲೇ ಸರಕಾರದ ಟಾಸ್ಮಾಕ್ ಕೈಯಲ್ಲಿತ್ತು, 2003ರಲ್ಲಿ ಚಿಲ್ಲರೆಯೂ ಬಂತು. ಉದ್ದೇಶ ಏನೇ ಇರಲಿ, ಫಲವನ್ನು ನಾನು ದಿನವೂ ಎಣಿಸುತ್ತಿದ್ದೆ.

ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ. ಕಂಪೆನಿಯ ಕೆಲಸದ ಮೇಲೆ ಮ್ಯೂನಿಕ್ಕಿಗೂ ಹೋಗಿಬಂದವನು. ಒಂದು ಭಾನುವಾರ, “ಮಾವ, ಅಲ್ಲಿನ ಹಾಗೇ ಇಲ್ಲೂ ಮಾಡುತ್ತಾರೆ, ರುಚಿಯಾದರೂ ನೋಡಿ” ಎಂದು ಒಂದು ಬಿಯರ್ ಹಾಲಿಗೆ ಕರೆದುಕೊಂಡು ಹೋದ. ಉದ್ದನೆಯ ಮರದ ಮೇಜುಗಳು, ಗಾಜಿನ ಆಚೆ ತಾಮ್ರದ ಹಂಡೆಗಳು. ಬಂದದ್ದು ಗೋಧಿಯ ಬಿಯರ್. ಸೋಸದೆ ಬಿಟ್ಟದ್ದರಿಂದ ಮಬ್ಬಾಗಿತ್ತು. ಮೂಗಿನ ಹತ್ತಿರ ಹಿಡಿದರೆ ಬಾಳೆಹಣ್ಣು, ಹಿಂದೆಯೇ ಲವಂಗ. ಎರಡನ್ನೂ ಹಾಕಿಲ್ಲವಂತೆ, ಹುದುಗಿಸುವ ಯೀಸ್ಟಿನದೇ ಕೆಲಸವಂತೆ. ಕುಡಿದೆ. ಸುಳ್ಳೇಕೆ, ರುಚಿಯಾಗಿತ್ತು. ಬೆಳಗಿನ ಕಳ್ಳಿನ ನೆನಪೂ ಆಯಿತು. ಒಂದು ಲೋಟದ ಬೆಲೆ ನಮ್ಮ ಕೌಂಟರಿಗೆ ಬರುವ ಹೆಂಗಸರ ಒಂದು ದಿನದ ಕೂಲಿಗಿಂತ ಹೆಚ್ಚು. ನನ್ನನ್ನು ಯಾರೂ ತಡೆಯಲಿಲ್ಲ. ತಿದ್ದಬೇಕಾದವನೆಂದು ಯಾರಿಗೂ ಕಾಣಲಿಲ್ಲ.

ಜರ್ಮನಿಯಲ್ಲೂ ಇದೇ ಕಥೆ ನಡೆದಿದೆ. ಬವೇರಿಯದಲ್ಲಿ 1516ರ ಕಾನೂನು ಬಾರ್ಲಿ, ಹಾಪ್ಸ್ ಹೂ, ನೀರು ಬಿಟ್ಟು ಬೇರೇನನ್ನೂ ಬಿಯರಿಗೆ ಹಾಕಬಾರದೆಂದಿತು. ಗೋಧಿ ರೊಟ್ಟಿಗೆ ಉಳಿಯಲಿ ಎಂಬುದು ಅದಕ್ಕೆ ಹೇಳುವ ಕಾರಣ. ಒಂದು ಶ್ರೀಮಂತ ಮನೆತನಕ್ಕೆ ಮಾತ್ರ ಗೋಧಿ ಬಿಯರಿನ ವಿನಾಯಿತಿ ಸಿಕ್ಕಿತು. ಆ ಮನೆತನಕ್ಕೆ ವಾರಸುದಾರರಿಲ್ಲದಾದಾಗ, 1602ರಲ್ಲಿ, ದೊರೆ ಮ್ಯಾಕ್ಸಿಮಿಲಿಯನ್ ಆ ಹಕ್ಕನ್ನು ತಾನೇ ತೆಗೆದುಕೊಂಡ. ಬೊಕ್ಕಸ ತುಂಬಿತು. ರೊಟ್ಟಿಯ ಚಿಂತೆ ಎಲ್ಲಿ ಹೋಯಿತೋ!

ಇಷ್ಟು ಹೇಳಿ ಸರಕಾರವನ್ನು ಬೈದು ಮುಗಿಸಬಹುದಿತ್ತು. ನಮ್ಮ ಅಜ್ಜಿ ಬಿಡುವುದಿಲ್ಲ. ಅಜ್ಜ ಮೂರ್ತೆಯವರು, ತಾಳೆಮರ ಹತ್ತುತ್ತಿದ್ದವರು. ಕಾಸರಗೋಡು ಆಗ ಮದರಾಸಿಗೆ ಸೇರಿತ್ತು. 1948ರ ಅಕ್ಟೋಬರ್ 2ರಂದು ಪಾನನಿರೋಧ ಇಡೀ ಪ್ರಾಂತ್ಯಕ್ಕೆ ಹಬ್ಬಿದಾಗ ನಮ್ಮ ಮನೆಯ ಅನ್ನವೇ ಕಾನೂನಿಗೆ ವಿರುದ್ಧವಾಯಿತು. ಅಜ್ಜ ಗಡಿಗೆಯ ಒಳಗೆ ಸುಣ್ಣ ಬಳಿಯತೊಡಗಿದರು. ಸುಣ್ಣವಿದ್ದರೆ ರಸ ಹುಳಿಯುವುದಿಲ್ಲ, ಕಾಯಿಸಿ ಓಲೆಬೆಲ್ಲ ಮಾಡಬಹುದು. ಸುಣ್ಣ ಬಳಿದ ಗಡಿಗೆ ಸಜ್ಜನ, ಬಳಿಯದ್ದು ಅಪರಾಧಿ. ಮರ ಅದೇ, ಕತ್ತಿ ಅದೇ. ಅಜ್ಜ ಇದನ್ನು ಹೇಳಿ ನಗುತ್ತಿದ್ದರು. ಕೇರಳದಲ್ಲಿ 1967ರಲ್ಲಿ ನಿಷೇಧ ತೆಗೆಯುವವರೆಗೂ ಹಾಗೇ ನಡೆಯಿತು. ಬೆಲ್ಲದಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಆದರೆ ಅಜ್ಜಿ ಅವನ್ನು ತನ್ನ ಒಳ್ಳೆಯ ವರ್ಷಗಳು ಎನ್ನುತ್ತಿದ್ದಳು. “ಗಂಜಿ ತೆಳ್ಳಗಿತ್ತು ಮಗಾ, ಪೆಟ್ಟು ಇರಲಿಲ್ಲ.”

ಅಜ್ಜನ ಮಾನ ಹೋದದ್ದನ್ನು ನಾನು ಅನ್ಯಾಯವೆನ್ನುತ್ತೇನೆ. ಅಜ್ಜಿಯ ಬೆನ್ನು ಉಳಿದದ್ದನ್ನು ಯಾವ ಖಾತೆಗೆ ಬರೆಯಲಿ? ಬ್ಯಾಂಕಿನಲ್ಲಿ ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರುತ್ತದೆ. ಇಲ್ಲಿ ಎರಡೂ ಒಂದೇ ಮನೆಯಲ್ಲಿ, ಒಂದೇ ದಿನಾಂಕಕ್ಕೆ ಬಂದಿವೆ.

ಯಜಮಾನರ ಪ್ರಶ್ನೆಯನ್ನು ಗುಂಪಿನ ಒಬ್ಬ ಹೆಂಗಸಿನ ಮುಂದೆ ಇಟ್ಟು ನೋಡಿದೆ. ಕಳ್ಳಿಗೂ ಅನುಮತಿ ಕೊಟ್ಟರೆ ನ್ಯಾಯವಲ್ಲವೇ ಎಂದೆ. ಆಕೆ ಕಂತಿನ ಹಣ ಎಣಿಸುತ್ತಲೇ, “ಕಳ್ಳಾದರೇನು, ಬಾಟಲಿಯಾದರೇನು ಸಾರ್? ನಮ್ಮವರು ಮನೆಗೆ ಬರುವಾಗ ಕೈ ಖಾಲಿಯೇ. ನ್ಯಾಯ ನಿಮ್ಮ ಗಂಡಸರಿಗೆ” ಎಂದಳು. ನಿನ್ನೆಯ ಭಾನುವಾರ ನಾನು ಎಲ್ಲಿದ್ದೆ ಎಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ರಸೀದಿ ಹರಿದು ಕೊಡುವಷ್ಟರಲ್ಲಿ ಅಂಗಡಿಯ ಚೀಲ ಬಂತು. ವಾರದ ಕೊನೆಯದಾದ್ದರಿಂದ ಎಂದಿಗಿಂತ ದಪ್ಪವಾಗಿತ್ತು.